ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಅಳುವ ಮಗು

ಮಗು ಕುರ್ಚಿಯಲ್ಲಿ ಕಿರುಚುತ್ತಿದೆ, ಕಾಲು ಒದೆಯುತ್ತಿದೆ. ಡಾಕ್ಟರ್ ತಮ್ಮ ಅಂಗೈಯನ್ನು ಅದರ ಬಾಯಿ ಮೇಲಿಟ್ಟು ಗಟ್ಟಿಯಾಗಿ ಹಿಡಿಯುತ್ತಾರೆ. ಕಿವಿ ಹತ್ತಿರ ಬಗ್ಗಿ, ಅಳು ನಿಲ್ಲಿಸಿದರೆ ಕೈ ತೆಗೀತೀನಿ ಅಂತ ಮೆಲ್ಲಗೆ ಹೇಳುತ್ತಾರೆ. ಮಗು ಸುಮ್ಮನಾದರೆ ಕೈ ತೆಗೆಯುತ್ತಾರೆ. ಮತ್ತೆ ಕಿರುಚಿದರೆ ಮತ್ತೆ ಕೈ. ಪೂರ್ತಿ ಸುಮ್ಮನಾದ ಮೇಲೆ ಜಾಣಮರಿ ಅಂತ ಹೊಗಳಿ ಕೆಲಸ ಶುರು ಮಾಡುತ್ತಾರೆ.

ಇದು ಯಾವುದೋ ಸಿಡುಕು ಸ್ವಭಾವದ ಡಾಕ್ಟರ ಕಥೆ ಅಲ್ಲ. ಈ ವಿಧಾನಕ್ಕೆ ‘ಹ್ಯಾಂಡ್ ಓವರ್ ಮೌತ್’ ಅಂತ ಹೆಸರಿತ್ತು. ಯಾವ ವಯಸ್ಸಿನ ಮಗುವಿಗೆ ಮಾಡಬಹುದು, ಯಾರಿಗೆ ಮಾಡಬಾರದು, ಎಷ್ಟು ಹೊತ್ತು ಹಿಡಿಯಬೇಕು ಅಂತ ಪಠ್ಯಪುಸ್ತಕಗಳಲ್ಲಿ ಬರೆದಿರುತ್ತಿದ್ದರು. ಅಮೆರಿಕದ ಮಕ್ಕಳ ದಂತವೈದ್ಯರ ಅಕಾಡೆಮಿ ಇದನ್ನು ತನ್ನ ಮಾರ್ಗಸೂಚಿಯಿಂದ ಕೈಬಿಟ್ಟಿದ್ದು 2006ರಲ್ಲಿ. ಅಂದರೆ ನಮ್ಮಲ್ಲಿ ಅನೇಕರು ಆರ್ಕುಟ್‌ನಲ್ಲಿ ಸ್ಕ್ರ್ಯಾಪ್ ಬರೀತಾ ಕೂತಿದ್ದ ವರ್ಷ. ಅಷ್ಟು ಹತ್ತಿರದ ಇತಿಹಾಸ ಇದು.

ಬಾಯಿ ತೆರೆಸೋದೇ ಕೆಲಸವಾಗಿರುವ ವೈದ್ಯರು ಬಾಯಿ ಮುಚ್ಚೋದನ್ನು ಒಂದು ವಿದ್ಯೆಯಾಗಿ ಕಲಿತಿದ್ದಾದರೂ ಯಾಕೆ? ಕಲಿತವರು ಕೆಟ್ಟವರಾಗಿದ್ದರೆ ಉತ್ತರ ಸುಲಭವಾಗಿರುತ್ತಿತ್ತು. ಆದರೆ ಇದನ್ನು ಮೊದಲಿಗೆ ಬರೆದಿಟ್ಟವರು ಮಕ್ಕಳನ್ನು ಬಹಳ ಪ್ರೀತಿಯಿಂದ ಕಂಡ ಒಬ್ಬ ಹೆಣ್ಣುಮಗಳು. ಹಾಗಾಗಿ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು.

ಮೊದಲು ಒಂದು ಮಾತು ಒಪ್ಪಿಕೊಂಡುಬಿಡೋಣ. ಹಳೇ ಕಾಲದ ಮಕ್ಕಳ ಹೆದರಿಕೆಯಲ್ಲಿ ಕಲ್ಪನೆ ಏನೂ ಇರಲಿಲ್ಲ, ನಿಜಕ್ಕೂ ನೋಯುತ್ತಿತ್ತು. 1844ರ ಡಿಸೆಂಬರಿನಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಊರಿನ ದಂತವೈದ್ಯ ಹೊರೇಸ್ ವೆಲ್ಸ್, ನೈಟ್ರಸ್ ಆಕ್ಸೈಡ್ ಅನಿಲವನ್ನು ಉಸಿರಾಡಿ ತನ್ನದೇ ಹಲ್ಲನ್ನು ಕೀಳಿಸಿಕೊಂಡ. ನೋವಾಗಲಿಲ್ಲ. ಮರುವರ್ಷ ಜನವರಿಯಲ್ಲಿ ಬಾಸ್ಟನ್ನಿಗೆ ಹೋಗಿ ವೈದ್ಯ ವಿದ್ಯಾರ್ಥಿಗಳ ಮುಂದೆ ಅದನ್ನೇ ಮಾಡಿ ತೋರಿಸಲು ಹೊರಟ. ಹಲ್ಲು ಕೀಳುವಾಗ ರೋಗಿ ಕೂಗಿಬಿಟ್ಟ. ಸಭೆ ಗೇಲಿ ಮಾಡಿತು, ವೆಲ್ಸ್ ಮೋಸಗಾರ ಅನ್ನಿಸಿಕೊಂಡ. ಹೆಚ್ಚೇನೂ ನೋವಾಗಲಿಲ್ಲ ಅಂತ ಆ ರೋಗಿ ಆಮೇಲೆ ಹೇಳಿದನಂತೆ, ಅಷ್ಟು ಹೊತ್ತಿಗೆ ಕಾಲ ಮಿಂಚಿತ್ತು. ಒಂದು ಕೂಗು ಕೇಳಿದರೆ ಸಾಕು, ಕೆಲಸ ಕೆಟ್ಟಿತು ಅಂತ ತೀರ್ಮಾನಿಸುವ ಅಭ್ಯಾಸ ಈ ವೃತ್ತಿಯಲ್ಲಿ ಅಷ್ಟು ಹಳೆಯದು.

1871ರಲ್ಲಿ ಜೇಮ್ಸ್ ಮಾರಿಸನ್ ಅನ್ನುವವರು ಹೊಲಿಗೆ ಯಂತ್ರದ ಹಾಗೆ ಕಾಲಲ್ಲಿ ತುಳಿಯುವ ಡ್ರಿಲ್‌ಗೆ ಪೇಟೆಂಟ್ ಪಡೆದರು. ಹುಳುಕು ಕೊರೆದು ತುಂಬುವ ಕೆಲಸ ಮೊದಲಿಗಿಂತ ಬೇಗ ಆಗತೊಡಗಿತು. ಆದರೂ ನಿಧಾನವಾಗಿ ತಿರುಗುವ ಆ ಡ್ರಿಲ್, ಅದರ ಕರಕರ ಸದ್ದು, ತಲೆಬುರುಡೆವರೆಗೂ ಹೋಗುವ ಕಂಪನ ಇವನ್ನೆಲ್ಲ ಮರಗಟ್ಟಿಸುವ ಇಂಜೆಕ್ಷನ್ ಇಲ್ಲದೆ ಸಹಿಸಬೇಕಿತ್ತು. ದೊಡ್ಡವರೇ ಕುರ್ಚಿಯ ಹಿಡಿ ಕಚ್ಚಿ ಹಿಡಿಯುವಂಥ ಪರಿಸ್ಥಿತಿ. ಮಕ್ಕಳ ವಿಷಯದಲ್ಲಿ ಹೆಚ್ಚಿನವರು ತಲೆಯನ್ನೇ ಕೆಡಿಸಿಕೊಳ್ಳುತ್ತಿರಲಿಲ್ಲ. ಹಾಲುಹಲ್ಲು ತಾನೆ, ಹೇಗೂ ಬಿದ್ದುಹೋಗುತ್ತೆ ಅನ್ನೋ ಭಾವನೆ. ಈ ಮಾತು ನಮ್ಮ ಮನೆಗಳಲ್ಲೂ ಇವತ್ತಿಗೂ ಕೇಳುತ್ತೆ ಬಿಡಿ.

ಇಂಥ ಹೊತ್ತಿನಲ್ಲಿ, 1895ರಲ್ಲಿ, ಮ್ಯಾಕೆಲ್ರಾಯ್ ಅನ್ನುವ ದಂತವೈದ್ಯರು ಒಂದು ವಿಚಾರ ಮುಂದಿಟ್ಟರು. ಹಲ್ಲಿನ ಕೆಲಸ ಎಷ್ಟೇ ಅಚ್ಚುಕಟ್ಟಾಗಿರಲಿ, ಮಗು ಕಣ್ಣೀರು ಹಾಕುತ್ತಾ ಹೊರಗೆ ಹೋದರೆ ಆ ಭೇಟಿ ಸೋತ ಹಾಗೇ ಅನ್ನೋದು ಅವರ ವಾದ. ಇವತ್ತಿಗೂ ಮಕ್ಕಳ ದಂತವೈದ್ಯದ ಪಾಠಗಳಲ್ಲಿ ಈ ಮಾತನ್ನು ನೆನೆಯುತ್ತಾರೆ. ಗೆಲುವನ್ನು ಹಲ್ಲಿನಿಂದ ಅಳೆಯದೆ ಮಗುವಿನಿಂದ ಅಳೆದ ಮೊದಮೊದಲ ಮಾತುಗಳಲ್ಲಿ ಇದೂ ಒಂದು.

ಆದರೆ ಈ ಮಾತಿಗೆ ಎರಡು ಅರ್ಥ ಮಾಡಬಹುದು. ಮಗು ಅಳದ ಹಾಗೆ ನೋಡಿಕೊಳ್ಳಿ ಅನ್ನೋದು ಒಂದು. ಅಳು ನಿಲ್ಲಿಸಿ ಅನ್ನೋದು ಇನ್ನೊಂದು. ಕೇಳಲು ಎರಡೂ ಒಂದೇ ಥರ ಇವೆ. ಮುಂದಿನ ನೂರು ವರ್ಷ ಈ ಎರಡು ಅರ್ಥಗಳೂ ಒಂದೇ ಕ್ಲಿನಿಕ್ಕಿನಲ್ಲಿ, ಎಷ್ಟೋ ಸಲ ಒಬ್ಬರೇ ಡಾಕ್ಟರ ಕೈಯಲ್ಲಿ, ಒಟ್ಟಿಗೆ ಬದುಕಿದವು.

ಹಾಗೆ ಎರಡನ್ನೂ ಕೈಯಲ್ಲಿ ಹಿಡಿದವರು ಮಿನಿ ಎವಾಂಜೆಲಿನ್ ಜೋರ್ಡನ್. ಮೊದಲು ಶಾಲಾ ಶಿಕ್ಷಕಿ, ಆಮೇಲೆ ದಂತವೈದ್ಯೆ. 1909ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಇನ್ನು ಮುಂದೆ ಮಕ್ಕಳನ್ನು ಮಾತ್ರ ನೋಡ್ತೀನಿ ಅಂತ ತೀರ್ಮಾನಿಸಿದರು. ಹಾಲುಹಲ್ಲಿಗೆ ಬೆಲೆಯೇ ಇಲ್ಲದ ಕಾಲದಲ್ಲಿ ಇದು ಹೊಟ್ಟೆಪಾಡಿನ ದೃಷ್ಟಿಯಿಂದಲೂ ಧೈರ್ಯದ ಕೆಲಸ. 1925ರಲ್ಲಿ ಮಕ್ಕಳ ಹಲ್ಲಿನ ಚಿಕಿತ್ಸೆ ಬಗ್ಗೆ ಪುಸ್ತಕ ಬರೆದರು. 1927ರಲ್ಲಿ ಮಕ್ಕಳ ದಂತವೈದ್ಯಕ್ಕಾಗಿಯೇ ಅಮೆರಿಕದಲ್ಲಿ ಸಂಘ ಹುಟ್ಟಿದಾಗ ಮುಂಚೂಣಿಯಲ್ಲಿದ್ದರು. ಮಕ್ಕಳಿಗೆ ಬೇರೆಯೇ ಗಮನ ಬೇಕು ಅಂತ ಹೇಳಿದ ಜೋರ್ಡನ್ ಅವರೇ, ಒಳ್ಳೆಯ ಮಾತಿಗೆ ಬಗ್ಗದ ಮಗುವಿನ ಬಾಯಿ ಮೇಲೆ ಮಡಿಚಿದ ಬಟ್ಟೆ ಇಟ್ಟು ಸುಮ್ಮನಾಗುವವರೆಗೆ ಹಿಡಿಯುವ ವಿಧಾನವನ್ನೂ ಬರೆದಿಟ್ಟರು. ಅವರ ಲೆಕ್ಕದಲ್ಲಿ ಇದರಲ್ಲಿ ವಿರೋಧಾಭಾಸ ಇರಲಿಲ್ಲ. ಕಿರುಚಾಟ ನಿಂತರೆ ತಾನೆ ಮಾತು ಕಿವಿಗೆ ಬೀಳೋದು? ತರಗತಿಯಲ್ಲಿ ಗಲಾಟೆ ನಿಲ್ಲಿಸಿ ಪಾಠ ಶುರು ಮಾಡುವ ಟೀಚರ್ ಯೋಚನೆ ಅದು.

ಅದೇ ವರ್ಷಗಳಲ್ಲಿ ಮಕ್ಕಳ ಹಲ್ಲಿಗಾಗಿ ದೊಡ್ಡ ದೊಡ್ಡ ಸಂಸ್ಥೆಗಳೂ ಎದ್ದವು. ಬಾಸ್ಟನ್ನಿನಲ್ಲಿ 1914ರಲ್ಲಿ ಫೋರ್ಸೈತ್ ಮಕ್ಕಳ ದಂತ ಆಸ್ಪತ್ರೆ ಬಾಗಿಲು ತೆರೆಯಿತು. ಕೊಡಕ್ ಕ್ಯಾಮೆರಾದ ಜಾರ್ಜ್ ಈಸ್ಟ್‌ಮನ್ ದುಡ್ಡಿನಿಂದ 1917ರಲ್ಲಿ ರಾಚೆಸ್ಟರ್‌ನಲ್ಲಿ ಇನ್ನೊಂದು ಶುರುವಾಯಿತು. ಎಲ್ಲಕ್ಕಿಂತ ದೊಡ್ಡ ಪ್ರಯೋಗ ಆಗಿದ್ದು ನ್ಯೂಜಿಲೆಂಡಿನಲ್ಲಿ. ಅಲ್ಲಿನ ಸರ್ಕಾರ 1921ರಲ್ಲಿ ಹೆಣ್ಣುಮಕ್ಕಳಿಗೆ ದಂತ ನರ್ಸ್ ತರಬೇತಿ ಕೊಡಲು ಆರಂಭಿಸಿ, ಶಾಲೆ ಆವರಣದಲ್ಲೇ ಕ್ಲಿನಿಕ್ ಕಟ್ಟಿಸುತ್ತಾ ಹೋಯಿತು. ಹೆಂಗಸರಾದರೆ ಮಕ್ಕಳು ಹೆದರುವುದಿಲ್ಲ ಅನ್ನೋದು ಅದರ ಹಿಂದಿನ ಯೋಚನೆಗಳಲ್ಲಿ ಒಂದು. ಉಚಿತ ಚಿಕಿತ್ಸೆ, ಪರಿಚಿತ ಜಾಗ, ಮಕ್ಕಳನ್ನು ಬಲ್ಲ ನರ್ಸ್, ಇನ್ನೇನು ಬೇಕು?

ಆ ದೇಶದ ಮಕ್ಕಳು ಆ ಕ್ಲಿನಿಕ್ಕಿಗೆ ಇಟ್ಟ ಅಡ್ಡಹೆಸರು ‘ಮರ್ಡರ್ ಹೌಸ್’. ಕೊಲೆ ಮನೆ! ಅಜ್ಜಿ, ಅಮ್ಮ, ಮೊಮ್ಮಗಳು ಹೀಗೆ ಹಲವು ತಲೆಮಾರುಗಳ ಬಾಯಲ್ಲಿ ಆ ಹೆಸರು ಉಳಿಯಿತು. ಕಾರಣ ಸರಳ. ಕಾಲಲ್ಲಿ ತುಳಿಯುವ ಡ್ರಿಲ್ ಅಲ್ಲಿ ಬಹಳ ಕಾಲ ಉಳಿದುಕೊಂಡಿತ್ತು. ಮರಗಟ್ಟಿಸುವ ಇಂಜೆಕ್ಷನ್ ಇಲ್ಲದೇ ಹುಳುಕು ಕೊರೆಯೋದು ಮಾಮೂಲಾಗಿತ್ತು. ನರ್ಸ್ ಎಷ್ಟೇ ನಗುಮುಖದಿಂದ ಕರೆದರೂ ನೋವು ನೋವೇ. ಸೇವೆ ಒಳ್ಳೆಯದಿತ್ತು, ಲಕ್ಷಾಂತರ ಹಲ್ಲು ಉಳಿಯಿತು, ಜೊತೆಗೆ ಹೆದರಿಕೆಯೂ ಉಳಿಯಿತು. ಒಳ್ಳೆಯ ಉದ್ದೇಶ ಇದ್ದರೆ ಸಾಕು ಅಂದುಕೊಳ್ಳುವವರು ಈ ಅಡ್ಡಹೆಸರನ್ನು ನೆನಪಿಟ್ಟುಕೊಳ್ಳಬೇಕು.

ಹಾಗಾದರೆ ಹೆದರಿಕೆ ಹೇಗೆ ಹುಟ್ಟುತ್ತೆ, ಹೇಗೆ ಹೋಗುತ್ತೆ ಅಂತ ಆ ಕಾಲದ ಮನಃಶಾಸ್ತ್ರಜ್ಞರಿಗೆ ಗೊತ್ತಿರಲಿಲ್ಲವಾ? ಗೊತ್ತಾಗುತ್ತಿತ್ತು. ಆದರೆ ಅರ್ಧ ಮಾತ್ರ ಜನರ ಕಿವಿಗೆ ಬಿತ್ತು.

ಮೊದಲ ಅರ್ಧ ಜಾನ್ ವ್ಯಾಟ್ಸನ್ ಅವರದು. 1920ರಲ್ಲಿ ಅವರೂ ಅವರ ಸಹಾಯಕಿ ರೊಸಾಲಿ ರೇನರ್ ಅವರೂ ಇನ್ನೂ ವರ್ಷ ತುಂಬದ ಮಗುವೊಂದರ ಮೇಲೆ ಪ್ರಯೋಗ ಮಾಡಿ ಪ್ರಕಟಿಸಿದರು. ಶಾಸ್ತ್ರದಲ್ಲಿ ಆ ಮಗುವಿನ ಹೆಸರು ‘ಪುಟ್ಟ ಆಲ್ಬರ್ಟ್’. ಅದು ಬಿಳಿ ಇಲಿಯನ್ನು ಮುಟ್ಟಿದಾಗಲೆಲ್ಲ ಹಿಂದಿನಿಂದ ಉಕ್ಕಿನ ಸರಳಿಗೆ ಸುತ್ತಿಗೆಯಲ್ಲಿ ಬಡಿದು ಬೆಚ್ಚಿಬೀಳಿಸಿದರು. ಕೆಲವು ಸಲ ಹೀಗಾದ ಮೇಲೆ ಸದ್ದೇ ಇಲ್ಲದಿದ್ದರೂ ಇಲಿ ಕಂಡರೆ ಮಗು ಅಳತೊಡಗಿತು. ಅಷ್ಟಕ್ಕೇ ನಿಲ್ಲದೆ ಮೊಲ, ತುಪ್ಪಳದ ಕೋಟು ಕಂಡರೂ ಹೆದರಿತು. ಹೆದರಿಕೆ ಹೀಗೆ ಒಂದರಿಂದ ಇನ್ನೊಂದಕ್ಕೆ ಹಬ್ಬುತ್ತೆ ಅನ್ನೋದು ಸ್ಪಷ್ಟವಾಯಿತು. ಇಂಜೆಕ್ಷನ್ ಚುಚ್ಚಿಸಿಕೊಂಡ ಮಗು ಬಿಳಿ ಕೋಟು ಹಾಕಿದ ಯಾರನ್ನು ಕಂಡರೂ ಅಮ್ಮನ ಸೆರಗು ಹಿಡಿಯೋದು ಯಾಕೆ ಅಂತ ಇದರಿಂದ ಅರ್ಥವಾಗುತ್ತೆ. ಆಲ್ಬರ್ಟ್‌ನಲ್ಲಿ ತಾವೇ ಹುಟ್ಟಿಸಿದ ಹೆದರಿಕೆಯನ್ನು ಮಾತ್ರ ಅವರು ತೆಗೆಯಲಿಲ್ಲ, ಮಗು ಹಾಗೇ ಹೊರಟುಹೋಯಿತು. ಇದೇ ವ್ಯಾಟ್ಸನ್ 1928ರಲ್ಲಿ ಪೋಷಕರಿಗೆ ಪುಸ್ತಕ ಬರೆದು, ಮಕ್ಕಳನ್ನು ಅಪ್ಪಿ ಮುದ್ದಾಡಬೇಡಿ, ಬೆಳಗ್ಗೆ ಎದ್ದಾಗ ಕೈ ಕುಲುಕಿ ಸಾಕು ಅಂದರು. ಆ ಕಾಲದ ವಿದ್ಯಾವಂತ ಮನೆಗಳಲ್ಲಿ ಇದು ವಿಜ್ಞಾನದ ಮಾತಾಗಿತ್ತು. ಅಳೋ ಮಗುವನ್ನು ಎತ್ತಿಕೊಂಡರೆ ಅಳೋದನ್ನೇ ಕಲಿಸಿದ ಹಾಗೆ ಅನ್ನೋ ನಂಬಿಕೆ ಹರಡಿದ್ದಾಗ, ಬಾಯಿಗೆ ಕೈ ಅಡ್ಡ ಇಟ್ಟ ಡಾಕ್ಟರ್ ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ.

ಇನ್ನರ್ಧ ಮೇರಿ ಕವರ್ ಜೋನ್ಸ್ ಅವರದು. ರೊಸಾಲಿ ರೇನರ್ ಅವರ ಜೊತೆ ಓದಿದವರು, ವ್ಯಾಟ್ಸನ್ ಉಪನ್ಯಾಸ ಕೇಳಿ ಈ ಕಡೆ ಬಂದವರು. ಹೆದರಿಕೆ ಹುಟ್ಟಿಸಬಹುದು ಅಂತಾದರೆ ಬಿಡಿಸಲೂಬಹುದಲ್ವಾ ಅನ್ನೋದು ಅವರ ಪ್ರಶ್ನೆ. ಪೀಟರ್ ಅನ್ನುವ ಸುಮಾರು ಮೂರು ವರ್ಷದ ಹುಡುಗ ಮೊಲ ಕಂಡರೆ ಹೆದರುತ್ತಿದ್ದ. ಮೊಲಕ್ಕೆ ಹೆದರದ ಬೇರೆ ಮಕ್ಕಳ ಜೊತೆ ಅವನನ್ನು ಆಡಲು ಬಿಟ್ಟರು. ಮೊಲ ದಿನದಿನಕ್ಕೆ ಸ್ವಲ್ಪ ಸ್ವಲ್ಪ ಹತ್ತಿರ ಬಂತು. ಅಷ್ಟರಲ್ಲಿ ಪೀಟರ್‌ಗೆ ಜ್ವರ ಬಂದು ಆಸ್ಪತ್ರೆ ಸೇರಿದ. ವಾಪಸ್ ಬರುವಾಗ ದೊಡ್ಡ ನಾಯಿಯೊಂದು ಮೈಮೇಲೆ ಎಗರಿ, ಗಳಿಸಿದ್ದೆಲ್ಲ ಹೋಯಿತು. ಜೋನ್ಸ್ ಮತ್ತೆ ಮೊದಲಿಂದ ಶುರು ಮಾಡಿದರು. ಈ ಸಲ ಅವನಿಗೆ ಇಷ್ಟದ ತಿಂಡಿ ಕೊಟ್ಟು, ತಿನ್ನೋದಕ್ಕೆ ಅಡ್ಡಿಯಾಗದಷ್ಟು ದೂರದಲ್ಲಿ ಮೊಲ ಇಟ್ಟು, ದೂರವನ್ನು ದಿನಾ ಇಷ್ಟಿಷ್ಟೇ ಕಡಿಮೆ ಮಾಡುತ್ತಾ ಬಂದರು. ಕೊನೆಗೆ ಪೀಟರ್ ತನ್ನ ಬೆರಳನ್ನು ಮೊಲ ಮೆಲ್ಲಗೆ ಕಚ್ಚಲು ಬಿಟ್ಟ. ಇದು ಪ್ರಕಟವಾಗಿದ್ದು 1924ರಲ್ಲಿ.

ನೋಡಿ, ಜೋರ್ಡನ್ ಅವರ ಪುಸ್ತಕಕ್ಕೂ ಇದಕ್ಕೂ ಒಂದೇ ವರ್ಷದ ಅಂತರ. ಮಕ್ಕಳ ದಂತವೈದ್ಯಕ್ಕೆ ಬೇಕಾಗಿದ್ದ ಮುಖ್ಯ ಸಾಮಾನೆಲ್ಲ ಪೀಟರ್ ಕಥೆಯಲ್ಲೇ ಇತ್ತು. ಹಂತಹಂತವಾಗಿ ಪರಿಚಯ ಮಾಡಿಸೋದು, ಹೆದರದ ಇನ್ನೊಂದು ಮಗುವನ್ನು ತೋರಿಸೋದು, ಇಷ್ಟವಾದದ್ದರ ಜೊತೆ ಕಷ್ಟವಾದದ್ದನ್ನು ಜೋಡಿಸೋದು, ಕೆಟ್ಟುಹೋದರೆ ಬೇಸರಿಸದೆ ಮತ್ತೆ ಶುರು ಮಾಡೋದು. ಆದರೆ ವ್ಯಾಟ್ಸನ್ ಹೆಸರುವಾಸಿಯಾದರು, ಜೋನ್ಸ್ ಅವರ ಕೆಲಸ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮೂಲೆಯಲ್ಲಿ ಬಿದ್ದಿತ್ತು. 1958ರಲ್ಲಿ ಜೋಸೆಫ್ ವೋಲ್ಪೆ ಹೆದರಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುವ ಚಿಕಿತ್ಸೆಯ ಬಗ್ಗೆ ಬರೆದ ಮೇಲೆ ಜನ ಹಿಂತಿರುಗಿ ನೋಡಿ, ಇದನ್ನು ಈ ಹೆಂಗಸು ಆಗಲೇ ಮಾಡಿದ್ದರಲ್ಲ ಅಂತ ಕಣ್ಣರಳಿಸಿದರು.

ದಂತವೈದ್ಯದಲ್ಲೂ ಗಾಳಿ ತಿರುಗಿದ್ದು ಅದೇ ಹೊತ್ತಿಗೆ. ಮೊದಲ ಬದಲಾವಣೆ ತಂದಿದ್ದು ಮನಃಶಾಸ್ತ್ರ ಅಲ್ಲ, ಸಾಮಾನು. ಸ್ವೀಡನ್ನಿನಲ್ಲಿ ನಿಲ್ಸ್ ಲೋಫ್‌ಗ್ರೆನ್ ಕಂಡುಹಿಡಿದ ಲಿಡೊಕೇಯ್ನ್ 1948ರಲ್ಲಿ ಮಾರುಕಟ್ಟೆಗೆ ಬಂದು, ಮರಗಟ್ಟಿಸುವ ಕೆಲಸವನ್ನು ನಂಬಿಕಸ್ತ ಮಾಡಿತು. 1957ರಲ್ಲಿ ಜಾನ್ ಬೋರ್ಡನ್ ಅವರ ಗಾಳಿಯಿಂದ ತಿರುಗುವ ಅತಿವೇಗದ ಡ್ರಿಲ್ ಬಂತು. ನಿಮಿಷಗಟ್ಟಲೆ ಕೊರೆಯುತ್ತಿದ್ದದ್ದು ಸೆಕೆಂಡುಗಳ ಕೆಲಸವಾಯಿತು. ನೋವು ಕಡಿಮೆಯಾದಾಗ ಒಂದು ವಿಷಯ ಎದ್ದು ಕಂಡಿತು. ನೋವೇ ಆಗದಿದ್ದರೂ ಮಕ್ಕಳು ಅಳುತ್ತಿದ್ದವು. ಹಾಗಾದರೆ ಅಳುವಿನ ಬೇರು ಬರೀ ಹಲ್ಲಿನಲ್ಲಿಲ್ಲ.

ಇದಕ್ಕೆ ಒಂದು ಉತ್ತರ ಆಸ್ಪತ್ರೆ ವಾರ್ಡಿನಿಂದ ಬಂತು. ಆಗ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಮಕ್ಕಳನ್ನು ಸೇರಿಸಿದರೆ ಅಪ್ಪ ಅಮ್ಮ ದಿನವಿಡೀ ಜೊತೆಗಿರುವ ಹಾಗಿರಲಿಲ್ಲ. ಜೊತೆಗಿದ್ದರೆ ಮಗು ಅಳುತ್ತೆ, ಹೋದರೆ ಸುಮ್ಮನಾಗುತ್ತೆ, ಸುಮ್ಮನಿದ್ದರೆ ಒಗ್ಗಿಕೊಂಡಿದೆ ಅನ್ನೋದು ಅಲ್ಲಿನ ಲೆಕ್ಕ. ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿ ಒಂದು ಸಾಕ್ಷ್ಯಚಿತ್ರ ಮಾಡಿದರು. ಎರಡು ವರ್ಷದ ಲಾರಾ ಎಂಬ ಹುಡುಗಿ ಚಿಕ್ಕ ಆಪರೇಷನ್ನಿಗಾಗಿ ಎಂಟು ದಿನ ಆಸ್ಪತ್ರೆಯಲ್ಲಿರುತ್ತಾಳೆ. ಅವಳು ಕಿರುಚುವುದಿಲ್ಲ. ಅಳುವನ್ನು ನುಂಗಿ ನುಂಗಿ ಕೂರುತ್ತಾಳೆ. ದಿನ ಕಳೆದ ಹಾಗೆ ಅಮ್ಮನಿಂದಲೇ ಮುಖ ತಿರುಗಿಸುತ್ತಾಳೆ. ವೈದ್ಯರು ಮೊದಲಿಗೆ ಈ ಚಿತ್ರದ ಮೇಲೆ ಹರಿಹಾಯ್ದರು. ಆದರೆ 1959ರಲ್ಲಿ ಸರ್ಕಾರ ನೇಮಿಸಿದ ಪ್ಲಾಟ್ ಸಮಿತಿ, ಮಕ್ಕಳನ್ನು ನೋಡಲು ಪೋಷಕರಿಗೆ ಅಡ್ಡಿ ಮಾಡಬೇಡಿ ಅಂತ ಶಿಫಾರಸು ಮಾಡಿತು. ಮಗು ಸುಮ್ಮನಿದೆ ಅನ್ನೋದೂ ಮಗು ಚೆನ್ನಾಗಿದೆ ಅನ್ನೋದೂ ಒಂದೇ ಅಲ್ಲ ಅಂತ ಒಪ್ಪಿಕೊಳ್ಳಲು ಅಷ್ಟು ಕಾಲ ಬೇಕಾಯಿತು.

ಹಲ್ಲಿನ ಕ್ಲಿನಿಕ್ಕಿನಲ್ಲೂ ಅಮ್ಮ ಬಾಗಿಲ ಆಚೆಗೇ ಇರುತ್ತಿದ್ದರು. ಇದು ಸರಿನಾ ಅಂತ ಸ್ಪೆನ್ಸರ್ ಫ್ರಾಂಕಲ್ ಮತ್ತು ಜೊತೆಗಾರರು ಪರೀಕ್ಷಿಸಿ 1962ರಲ್ಲಿ ಫಲಿತಾಂಶ ಪ್ರಕಟಿಸಿದರು. ನಾಲ್ಕು ವರ್ಷದ ಆಸುಪಾಸಿನ ಪುಟಾಣಿಗಳು ಅಮ್ಮ ಒಳಗಿದ್ದಾಗ ಹೆಚ್ಚು ಸಹಕರಿಸಿದವು. ಅದಕ್ಕಿಂತ ದೊಡ್ಡ ಮಕ್ಕಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನು ಅಳೆಯಲು ಅವರು ಮಾಡಿಕೊಂಡ ನಾಲ್ಕು ಹಂತದ ಪಟ್ಟಿ ಇವತ್ತು ಬೆಂಗಳೂರಿನ ದಂತವೈದ್ಯ ವಿದ್ಯಾರ್ಥಿಗೂ ಬಾಯಿಪಾಠ. ತೀರಾ ವಿರೋಧ, ವಿರೋಧ, ಸಹಕಾರ, ಪೂರ್ಣ ಸಹಕಾರ. ನಮ್ಮ ಆಫೀಸಿನ ಅಪ್ರೈಸಲ್ ಇದ್ದ ಹಾಗೆ! ಅಪ್ರೈಸಲ್‌ನ ತೊಂದರೆಯೇ ಇದಕ್ಕೂ ಇದೆ. ಅದು ಹೊರಗೆ ಕಂಡದ್ದನ್ನು ಅಳೆಯುತ್ತೆ. ಮುಷ್ಟಿ ಬಿಗಿ ಹಿಡಿದು ತಣ್ಣಗೆ ಕೂತ ಮಗುವಿಗೂ ಒಳ್ಳೆ ರೇಟಿಂಗ್ ಸಿಕ್ಕಿಬಿಡಬಹುದು.

ಈ ಕಾಲದ ಅತಿ ದೊಡ್ಡ ಕೊಡುಗೆ ಮಾತ್ರ ಮೂರೇ ಪದಗಳದು. 1959ರಲ್ಲಿ ಹೆರಾಲ್ಡ್ ಆಡಲ್‌ಸ್ಟನ್ ಬರೆದ ‘ಟೆಲ್, ಶೋ, ಡೂ’. ಹೇಳು, ತೋರಿಸು, ಮಾಡು. ಏನು ಮಾಡ್ತೀನಿ ಅಂತ ಮಗುವಿಗೆ ಅರ್ಥವಾಗುವ ಮಾತಲ್ಲಿ ಮೊದಲು ಹೇಳಬೇಕು. ಆಮೇಲೆ ಬ್ರಷ್ಷನ್ನು ಅದರ ಉಗುರಿನ ಮೇಲೆ ತಿರುಗಿಸಿ ತೋರಿಸಬೇಕು. ಆಮೇಲೆ ಹೇಳಿದ್ದನ್ನೇ, ತೋರಿಸಿದ ಹಾಗೇ, ಬಾಯಲ್ಲಿ ಮಾಡಬೇಕು. ಹೇಳದೇ ಇದ್ದದ್ದನ್ನು ಮಾಡುವ ಹಾಗಿಲ್ಲ.

ಕೇಳಿದರೆ ಇಷ್ಟೇನಾ ಅನ್ನಿಸಬಹುದು. ಆದರೆ ಇದರ ಹಿಂದೆ ಮಗುವಿನ ಮನಸ್ಸು ಬೆಳೆಯುವ ಬಗೆಯ ತಿಳಿವಳಿಕೆ ಇದೆ. ಏಳು ವರ್ಷದೊಳಗಿನ ಮಗು ಲೋಕವನ್ನು ನೋಡುವ ರೀತಿಯೇ ಬೇರೆ ಅಂತ ಜೀನ್ ಪಿಯಾಜೆ ತೋರಿಸಿದ್ದರು. ಆ ವಯಸ್ಸಿನಲ್ಲಿ ವಸ್ತುಗಳಿಗೂ ಜೀವ ಇರುತ್ತೆ, ಕಣ್ಣಿಗೆ ಕಂಡದ್ದೇ ನಿಜ, ಸದ್ದು ಮಾಡೋದು ಕಚ್ಚಲೂಬಹುದು. ನಾಳೆ ಹಲ್ಲು ಹಾಳಾಗಬಾರದು ಅಂತ ಇವತ್ತು ಸಹಿಸಿಕೋ ಅನ್ನೋ ವಾದ ಮೂರು ವರ್ಷದ ಮಗುವಿಗೆ ತಲುಪೋದೇ ಇಲ್ಲ, ಅದಕ್ಕೆ ನಾಳೆಯೇ ಇನ್ನೂ ಮಸುಕು. 1950ರಲ್ಲಿ ಎರಿಕ್ ಎರಿಕ್ಸನ್ ಇನ್ನೊಂದು ಮಾತು ಸೇರಿಸಿದ್ದರು. ಎರಡು ಮೂರು ವರ್ಷದ ಮಗುವಿಗೆ ‘ನಾನೇ ಮಾಡ್ತೀನಿ’ ಅನ್ನೋದು ಹಟ ಅಲ್ಲ, ಬೆಳವಣಿಗೆ. ಅಂಥ ಮಗುವನ್ನು ಅಂಗಾತ ಮಲಗಿಸಿ, ಮುಖದ ಮೇಲೆ ಲೈಟ್ ಬಿಟ್ಟು, ಬಾಯಿಗೆ ಕೈ ಹಾಕಿದರೆ ಅದು ಒದ್ದಾಡದೇ ಇದ್ದರೆ ತಾನೆ ಆಶ್ಚರ್ಯ? ಅದಕ್ಕೇ ಮಕ್ಕಳ ದಂತವೈದ್ಯರು ಬೇರೆಯೇ ಶಬ್ದಕೋಶ ಇಟ್ಟುಕೊಂಡಿರುತ್ತಾರೆ. ಎಕ್ಸ್‌ರೇ ಅಂದರೆ ಹಲ್ಲಿನ ಫೋಟೋ, ಎಂಜಲು ಹೀರುವ ನಳಿಕೆ ಅಂದರೆ ವ್ಯಾಕ್ಯೂಮ್ ಕ್ಲೀನರ್, ನೀರು ಚಿಮ್ಮುವ ಡ್ರಿಲ್ ಅಂದರೆ ಶವರ್, ಇಂಜೆಕ್ಷನ್ ಅಂದರೆ ಹಲ್ಲನ್ನು ಮಲಗಿಸುವ ನೀರು. ಇವು ಸುಳ್ಳಲ್ಲ, ಮಗುವಿಗೆ ಗೊತ್ತಿರುವ ಲೋಕದ ಮಾತಿಗೆ ಅನುವಾದ ಅಷ್ಟೇ.

ಇಲ್ಲಿಗೆ ಕಥೆ ಸುಖಾಂತ ಆಗಬೇಕಿತ್ತು. ಆಗಲಿಲ್ಲ. 1970ರ ದಶಕದಲ್ಲಿ ಎರಡು ದಾರಿಗಳೂ ಅಕ್ಕಪಕ್ಕದಲ್ಲೇ ಸಾಗುತ್ತಿದ್ದವು. 1974ರಲ್ಲಿ ಥಿಯೊಡೋರ್ ಲೆವಿಟಾಸ್ ಬಾಯಿ ಮುಚ್ಚುವ ವಿಧಾನವನ್ನು ಸಮರ್ಥಿಸಿ, ಕ್ರಮವಾಗಿ ವಿವರಿಸಿ ಲೇಖನ ಬರೆದರು. ಹ್ಯಾಂಡ್ ಓವರ್ ಮೌತ್ ಎಕ್ಸರ್‌ಸೈಜ್, ಚಿಕ್ಕದಾಗಿ ‘ಹೋಮ್’. ಮನೆ! ಒದ್ದಾಡುವ ಮಗುವನ್ನು ಹಲಗೆಗೆ ಪಟ್ಟಿ ಸುತ್ತಿ ಮಲಗಿಸುವ ‘ಪಪೂಸ್ ಬೋರ್ಡ್’ ಕೂಡ ಬಳಕೆಯಲ್ಲಿತ್ತು. ಇನ್ನೊಂದು ಕಡೆ, ನಾಯಿಗೆ ಹೆದರುವ ಮಕ್ಕಳು ನಾಯಿ ಜೊತೆ ಆಡುವ ಓರಗೆಯ ಮಗುವನ್ನು ನೋಡಿ ಧೈರ್ಯ ಕಲಿಯುತ್ತವೆ ಅಂತ ಆಲ್ಬರ್ಟ್ ಬಂಡೂರಾ 1967ರಲ್ಲಿ ತೋರಿಸಿದ್ದರು. ಅದನ್ನೇ ಹಲ್ಲಿನ ಕ್ಲಿನಿಕ್ಕಿಗೆ ತಂದು, ಇನ್ನೊಂದು ಮಗು ಧೈರ್ಯವಾಗಿ ಚಿಕಿತ್ಸೆ ಪಡೆಯುವ ಫಿಲಂ ತೋರಿಸಿದರೆ ಮಕ್ಕಳ ಒದ್ದಾಟ ಕಡಿಮೆಯಾಗುತ್ತೆ ಅಂತ ಬಾರ್ಬರಾ ಮೆಲಮೆಡ್ ಮತ್ತು ಸಂಗಡಿಗರು 1975ರಲ್ಲಿ ಬರೆದರು. ಪೀಟರ್ ಜೊತೆ ಆಡಿದ ಆ ಮಕ್ಕಳು ಐವತ್ತು ವರ್ಷ ಆದ ಮೇಲೆ ಕ್ಲಿನಿಕ್ಕಿಗೆ ಬಂದ ಹಾಗಾಯಿತು. ಅದೇ 1975ರಲ್ಲಿ ಜೆರಾಲ್ಡ್ ರೈಟ್ ಒಂದು ತ್ರಿಕೋನ ಬರೆದರು. ತುದಿಯಲ್ಲಿ ಮಗು, ಕೆಳಗಿನ ಎರಡು ಮೂಲೆಗಳಲ್ಲಿ ಮನೆಯವರು ಮತ್ತು ದಂತವೈದ್ಯರು. ಬಾಗಿಲ ಆಚೆ ನಿಲ್ಲಿಸಿದ್ದ ಅಮ್ಮ ಚಿತ್ರದೊಳಗೆ ಬಂದರು.

ಅಮ್ಮ ಒಳಗೆ ಬಂದದ್ದೇ ಆಟ ಬದಲಾಯಿತು. ಬಾಗಿಲು ಮುಚ್ಚಿದ್ದಾಗ ನಡೆಯುತ್ತಿದ್ದದ್ದು ಈಗ ಕಣ್ಣೆದುರು ನಡೆಯಬೇಕಿತ್ತು. 1984ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಯಾವ ವಿಧಾನ ಒಪ್ಪುತ್ತೀರಿ ಅಂತ ಪೋಷಕರನ್ನೇ ಕೇಳಿದರು. ಹೇಳಿ, ತೋರಿಸಿ, ಮಾಡೋದನ್ನು ಅವರು ಮನಸಾರೆ ಒಪ್ಪಿದರು. ಬಾಯಿ ಮುಚ್ಚೋದು, ಹಲಗೆಗೆ ಸುತ್ತೋದು, ಅರಿವಳಿಕೆ ಕೊಟ್ಟು ಮಲಗಿಸೋದು ಎಲ್ಲ ಪಟ್ಟಿಯ ಕೆಳಗೆ ಹೋದವು. ರೋಗಿಯ ಒಪ್ಪಿಗೆ ಇಲ್ಲದೆ ವೈದ್ಯರು ಏನೂ ಮಾಡಬಾರದು ಅನ್ನೋ ಕಾನೂನಿನ ಅರಿವೂ ಅಮೆರಿಕದಲ್ಲಿ ಗಟ್ಟಿಯಾಗುತ್ತಿತ್ತು. ಕಾಲೇಜುಗಳು ಒಂದೊಂದಾಗಿ ಕಲಿಸೋದು ನಿಲ್ಲಿಸಿದವು. ಕೊನೆಗೆ 2006. ಅದೇ ಆಸುಪಾಸಿನಲ್ಲಿ ಮಾರ್ಗಸೂಚಿಯ ಹೆಸರೂ ಬದಲಾಯಿತು. ‘ಬಿಹೇವಿಯರ್ ಮ್ಯಾನೇಜ್‌ಮೆಂಟ್’ ಹೋಗಿ ‘ಬಿಹೇವಿಯರ್ ಗೈಡೆನ್ಸ್’ ಬಂತು. ಮ್ಯಾನೇಜ್ ಮಾಡಿಸಿಕೊಳ್ಳೋದಕ್ಕೂ ದಾರಿ ತೋರಿಸಿಕೊಳ್ಳೋದಕ್ಕೂ ಇರುವ ವ್ಯತ್ಯಾಸ ಆಫೀಸಿನಲ್ಲಿ ಕೆಲಸ ಮಾಡುವವರಿಗೆ ನಾನು ವಿವರಿಸಬೇಕಿಲ್ಲ.

ಆದರೂ ವಿರೋಧಿಸಿದವರ ಮಾತನ್ನು ಪೂರ್ತಿ ತಳ್ಳಿಹಾಕೋದು ನ್ಯಾಯ ಅಲ್ಲ. ಕೆನ್ನೆ ಊದಿಸಿಕೊಂಡು ಬಂದ ನಾಲ್ಕು ವರ್ಷದ ಮಗುವಿಗೆ ಇವತ್ತೇ ಚಿಕಿತ್ಸೆ ಬೇಕು. ಮೊಲವನ್ನು ದಿನಾ ಒಂದಡಿ ಹತ್ತಿರ ತರುವಷ್ಟು ಸಮಯ ಇಲ್ಲ. ಬಾಯಿ ಮುಚ್ಚಬೇಡಿ ಅಂದರೆ ಉಳಿಯೋದು ಮತ್ತು ಬರಿಸುವ ಔಷಧಿ ಅಥವಾ ಪೂರ್ತಿ ಅರಿವಳಿಕೆ. ಅದಕ್ಕೂ ಅಪಾಯ ಇದೆ, ಖರ್ಚು ಇದೆ. ಅವರ ಈ ಎಚ್ಚರಿಕೆ ಸುಳ್ಳಾಗಲಿಲ್ಲ. 2005ರಲ್ಲಿ ಅಮೆರಿಕದ ಪೋಷಕರನ್ನು ಮತ್ತೆ ಕೇಳಿದಾಗ, ಹಿಂದೆ ಕೆಳಗಿದ್ದ ಪೂರ್ತಿ ಅರಿವಳಿಕೆ ಮೇಲಿನ ಸಾಲಿಗೆ ಏರಿತ್ತು. ಮಗುವಿನ ಅಳು ನೋಡೋದಕ್ಕಿಂತ ಮಗು ಮಲಗಿದ್ದರೇ ವಾಸಿ ಅನ್ನಿಸಿರಬೇಕು. ಕೆಲವು ಮಕ್ಕಳಿಗೆ ಅದು ನಿಜಕ್ಕೂ ಬೇಕು. ಆದರೆ ಬೇಗ ಮುಗಿಯಲಿ ಅನ್ನೋ ಅವಸರಕ್ಕೆ ಅದನ್ನು ಆರಿಸಿಕೊಂಡರೆ, ಕೈ ಹೋಗಿ ಮಾಸ್ಕ್ ಬಂದ ಹಾಗೆ. ಮಗುವಿಗೆ ಬೇಕಾಗಿದ್ದದ್ದು ಸಮಯ.

ಇನ್ನು ನಮ್ಮ ಕಡೆ ನೋಡಿದರೆ, ಭಾರತದ ಮೊದಲ ದಂತವೈದ್ಯ ಕಾಲೇಜನ್ನು ಡಾ. ರಫೀಉದ್ದೀನ್ ಅಹ್ಮದ್ 1920ರಲ್ಲಿ ಕಲ್ಕತ್ತಾದಲ್ಲಿ ಶುರು ಮಾಡಿದರು. ಮಕ್ಕಳ ದಂತವೈದ್ಯರ ರಾಷ್ಟ್ರೀಯ ಸಂಘ ಹುಟ್ಟಿದ್ದು 1979ರಲ್ಲಿ. ಕಲಿಸುವ ಪಾಠ, ಫ್ರಾಂಕಲ್ ಪಟ್ಟಿ, ರೈಟ್ ತ್ರಿಕೋನ ಎಲ್ಲ ಅಮೆರಿಕದಿಂದ ಬಂದವೇ. ಇವತ್ತು ಬೆಂಗಳೂರಲ್ಲಿ ಸೀಲಿಂಗಿನಲ್ಲಿ ಕಾರ್ಟೂನ್ ಓಡುವ, ಡೈನೋಸಾರ್ ಕುರ್ಚಿ ಇರುವ ಕ್ಲಿನಿಕ್ಕುಗಳಿಗೆ ಬರವಿಲ್ಲ. ಆದರೆ ತ್ರಿಕೋನದ ಮೂರನೇ ಮೂಲೆ ನಾವೇ ಅಲ್ವಾ? ಊಟ ಮಾಡದಿದ್ದರೆ ಡಾಕ್ಟರ್ ಹತ್ರ ಸೂಜಿ ಚುಚ್ಚಿಸ್ತೀನಿ ನೋಡು ಅಂತ ಹೆದರಿಸೋದು ನಾವು. ಕುರ್ಚಿಯಲ್ಲಿ ಕೂರಿಸಿ ಏನೂ ಆಗಲ್ಲ ಪುಟ್ಟ ಅಂತ ಸುಳ್ಳು ಹೇಳೋದೂ ನಾವು. ಮೊದಲ ಮಾತು ಡಾಕ್ಟರನ್ನು ಗುಮ್ಮ ಮಾಡುತ್ತೆ. ಎರಡನೆಯದು, ಸೂಜಿ ಚುಚ್ಚಿದ ಕ್ಷಣದಲ್ಲಿ, ಅಮ್ಮನ ಮಾತೂ ಸುಳ್ಳು ಅಂತ ಕಲಿಸುತ್ತೆ. ಹಲ್ಲು ಹುಳುಕಾಗಿ ರಾತ್ರಿಯಿಡೀ ಅತ್ತ ಮೇಲೆ ಮೊದಲ ಸಲ ಕರೆದುಕೊಂಡು ಹೋದರೆ ಮಗುವಿನ ಪಾಲಿಗೆ ಆ ಕೋಣೆಯೂ ಆ ನೋವೂ ಒಂದೇ ಆಗಿಬಿಡುತ್ತೆ. ಆಲ್ಬರ್ಟ್‌ಗೆ ಇಲಿ ಮತ್ತು ಸದ್ದು ಆದ ಹಾಗೆ. ಮೊದಲ ಹಲ್ಲು ಬಂದ ಮೇಲೆ, ತಡ ಅಂದರೆ ಒಂದು ವರ್ಷದೊಳಗೆ ಮೊದಲ ಭೇಟಿ ಆಗಲಿ ಅಂತ ಅದೇ ಅಮೆರಿಕದ ಅಕಾಡೆಮಿ ಹೇಳುವುದಕ್ಕೆ ಇದೂ ಒಂದು ಕಾರಣ. ಏನೂ ನೋಯದ ದಿನ ಹೋದರೆ ಮೊಲ ದೂರದಲ್ಲಿರುತ್ತೆ.

ಇದೆಲ್ಲ ಮಕ್ಕಳಿರುವವರ ಚಿಂತೆ, ನಮಗೇನು ಅನ್ನಬೇಡಿ. ಹಲ್ಲಿನ ಚಿಕಿತ್ಸೆಗೆ ಹೆದರುವ ವಯಸ್ಕರನ್ನು ಕೆನಡಾದಲ್ಲಿ ವಿಚಾರಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಅರ್ಧದಷ್ಟು ಜನ ಆ ಹೆದರಿಕೆ ಬಾಲ್ಯದಲ್ಲೇ ಶುರುವಾಯಿತು ಅಂದರು. ಮೂರು ತಿಂಗಳಿಂದ ಅಪಾಯಿಂಟ್‌ಮೆಂಟ್ ಮುಂದೂಡುತ್ತಾ, ಒಂದೇ ಕಡೆ ಅಗಿಯುತ್ತಾ, ಪೇನ್‌ಕಿಲ್ಲರ್ ನುಂ‌ಗಿ ಮೀಟಿಂಗಿಗೆ ಕೂರುವವರಲ್ಲೂ ಅಂದು ಸುಮ್ಮನಾಗಿಸಿದ ಒಂದು ಮಗು ಇರಬಹುದು.

ಈಗ ಅನೇಕ ಡಾಕ್ಟರುಗಳು ಕೆಲಸ ಶುರು ಮಾಡುವ ಮುಂಚೆ ಮಗುವಿಗೆ ಒಂದು ಮಾತು ಹೇಳುತ್ತಾರೆ. ನೋವಾದರೆ, ಸಾಕು ಅನ್ನಿಸಿದರೆ, ಎಡಗೈ ಎತ್ತು, ನಾನು ನಿಲ್ಲಿಸ್ತೀನಿ. ಮಗು ಒಂದೆರಡು ಸಲ ಸುಮ್ಮನೆ ಎತ್ತಿ ನೋಡುತ್ತೆ. ಡಾಕ್ಟರ್ ನಿಜಕ್ಕೂ ನಿಲ್ಲಿಸುತ್ತಾರಾ ಅಂತ ಪರೀಕ್ಷೆ. ನಿಲ್ಲಿಸಿದರೆ ಆಮೇಲೆ ಹೆಚ್ಚಾಗಿ ಎತ್ತುವುದೇ ಇಲ್ಲ. ಬಾಯಿ ತುಂಬ ಹತ್ತಿ, ನಳಿಕೆ ತುಂಬಿದ್ದಾಗ ಮಾತಾಡಲು ಆಗಲ್ಲವಲ್ಲ, ಆಗ ಮಗುವಿನ ಮಾತು ಆ ಕೈ. ನಿಮ್ಮ ಹಲ್ಲಿನ ಡಾಕ್ಟರ ಹತ್ತಿರ ನೀವೂ ಕೇಳಬಹುದು. ದೊಡ್ಡವರು ಕೈ ಎತ್ತಿದರೂ ಅವರು ನಿಲ್ಲಿಸುತ್ತಾರೆ.